ಒಂದನೇ ಕ್ಲಾಸಿಗೆ ನಡೆದು ಹೋಗುವ ದಾರಿ

ಜನನ ಪ್ರಮಾಣಪತ್ರ ಹಳ್ಳಿಗಳನ್ನು ಇನ್ನೂ ತಲುಪದಿದ್ದ ಕಾಲದಲ್ಲಿ, ಮಗು ಶಾಲೆಗೆ ಸೇರುವಷ್ಟು ಬೆಳೆದಿದೆಯೇ ಎಂದು ತಿಳಿಯಲು ಮೇಷ್ಟ್ರುಗಳ ಬಳಿ ಸುಲಭದ ಉಪಾಯವೊಂದಿತ್ತು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಬೆರಳಿಗೆ ಕಿವಿ ಸಿಕ್ಕರೆ ಹಾಜರಿ ಪುಸ್ತಕದಲ್ಲಿ ಹೆಸರು. ಸಿಗದಿದ್ದರೆ ‘ಬರೋ ವರ್ಷ ಕರ್ಕೊಂಡು ಬಾರಪ್ಪ’. ಹುಟ್ಟಿದ ದಿನ ಯಾವುದೆಂದು ಕೇಳಿದರೆ ಅಪ್ಪ-ಅವ್ವ ‘ಕೆರೆ ಕೋಡಿ ಬಿದ್ದ ವರ್ಷ, ಯುಗಾದಿ ಆದ್ಮೇಲೆ’ ಎನ್ನುವವರು. ಮೇಷ್ಟ್ರು ಅಂದಾಜಿಗೆ ಒಂದು ವರ್ಷ ಹಿಡಿದು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಐವತ್ತು ಅರವತ್ತು ದಾಟಿದ ಕನ್ನಡಿಗರಲ್ಲಿ ಜೂನ್ 1ರಂದೇ ಹುಟ್ಟಿದವರು ಅಷ್ಟೊಂದು ಮಂದಿ ಸಿಗುವುದಕ್ಕೂ, ಪ್ರತಿ ವರ್ಷ ಮೇ 31ರಂದು ಸರ್ಕಾರಿ ಕಚೇರಿಗಳಲ್ಲಿ ಸಾಲುಸಾಲು ಬೀಳ್ಕೊಡುಗೆ ನಡೆಯುತ್ತಿದ್ದುದಕ್ಕೂ ಇದೇ ಮೂಲ.

ಕಿವಿ ಮುಟ್ಟಿದ ಆ ಗಳಿಗೆ ಬಹಳ ಜನರ ಪಾಲಿಗೆ ಬದುಕಿನ ಮೊದಲ ಸ್ಪಷ್ಟ ನೆನಪು. ಹುಟ್ಟಿದ ಮೊದಲ ಎರಡು ಮೂರು ವರ್ಷಗಳಲ್ಲಿ ನಡೆದದ್ದು ದೊಡ್ಡವರಾದ ಮೇಲೆ ಬಹುತೇಕ ಯಾರಿಗೂ ನೆನಪಿರುವುದಿಲ್ಲ. ಜನರ ಅತಿ ಹಳೆಯ ನೆನಪು ಸರಾಸರಿ ಮೂರು, ಮೂರೂವರೆ ವರ್ಷ ವಯಸ್ಸಿನದು ಎಂದು ಮನಃಶಾಸ್ತ್ರಜ್ಞರು ಹೇಳುತ್ತಾರೆ; ಅದೂ ತುಣುಕು ತುಣುಕು. ಐದಾರು ವರ್ಷದ ಹೊತ್ತಿಗೆ ಮಾತು ಬಲಿತಿರುತ್ತದೆ. ನಡೆದದ್ದನ್ನು ಹಿಂದುಮುಂದು ಜೋಡಿಸಿ ಸಂಜೆ ಅವ್ವನ ಮುಂದೆ ಕಥೆಯಾಗಿ ಹೇಳಲು ಮಗುವಿಗೆ ಬರುತ್ತದೆ, ಹಾಗೆ ಹೇಳಿದ್ದು ಮನಸ್ಸಿನಲ್ಲಿ ಉಳಿಯುತ್ತದೆ. ಮನೆಯ ಹೊಸ್ತಿಲು ದಾಟಿ ಹೊರಗಿನವರ ನಡುವೆ ದಿನ ಕಳೆಯಲು ತೊಡಗುವುದೂ ಅದೇ ವಯಸ್ಸಿನಲ್ಲಿ. ಹೀಗೆ ಒಂದನೇ ಕ್ಲಾಸಿನ ಮೊದಲ ದಿನ ಕಂಡ ಗೋಡೆ, ಗಂಟೆ, ಪಕ್ಕದಲ್ಲಿ ಕೂತ ಹುಡುಗನ ಹರಿದ ಚಡ್ಡಿ ಎಪ್ಪತ್ತರ ವಯಸ್ಸಿನಲ್ಲೂ ಮಾಸುವುದಿಲ್ಲ.

ಇಂಥ ನೆನಪುಗಳನ್ನು ಯಾರ ಬಳಿಯಾದರೂ ಕೇಳಿ ನೋಡಿದರೆ ಒಂದು ಸಂಗತಿ ಬೇಗ ಗೊತ್ತಾಗುತ್ತದೆ. ಅವರು ಪಾಠದ ಬಗ್ಗೆ ಹೇಳುವುದು ಕಡಿಮೆ, ದಾರಿಯ ಬಗ್ಗೆ ಹೇಳುವುದು ಹೆಚ್ಚು. ತೀರ್ಥಹಳ್ಳಿ, ಹೊಸನಗರದ ಕಡೆಯವರಾದರೆ ಗದ್ದೆಯಂಚು, ಹಳ್ಳದ ಮೇಲೆ ಹಾಕಿದ ಅಡಿಕೆ ಮರದ ಸಂಕ, ಕಂಬಳಿ ಕೊಪ್ಪೆ, ಶಾಲೆಯ ಜಗಲಿಯಲ್ಲಿ ನಿಂತು ಕಾಲಿನಿಂದ ಕಿತ್ತೆಸೆದ ಉಂಬಳ. ಕರಾವಳಿಯವರಾದರೆ ತೋಡಿನ ನೀರಲ್ಲಿ ಚಪ್ಪಲಿ ತೇಲಿಬಿಟ್ಟದ್ದು, ಗುಡ್ಡದ ಮೇಲಿನ ಗೇರುಹಣ್ಣು, ಅದರ ಸೊನೆ ತಾಗಿ ಕಲೆಯಾದ ಅಂಗಿ. ಚಿತ್ರದುರ್ಗ, ಬಳ್ಳಾರಿಯವರಿಗೆ ಬಾರೆಹಣ್ಣು, ಕಾರೆಹಣ್ಣು, ಬರಿಗಾಲಿಗೆ ನಟ್ಟ ಜಾಲಿ ಮುಳ್ಳು. ಧಾರವಾಡ, ವಿಜಯಪುರದ ಕಡೆ ಎರೆಮಣ್ಣು ಅಂಗಾಲಿಗೆ ಮೆತ್ತಿ ಮೆತ್ತಿ ಕಾಲು ಭಾರವಾಗಿ, ಸಾಲಿ ಮುಟ್ಟುವ ಹೊತ್ತಿಗೆ ಪಾಟಿಚೀಲದ ಮೇಲೂ ಅದೇ ಕೆಸರು. ಎಲ್ಲ ಕಡೆಯೂ ಇರುತ್ತಿದ್ದದ್ದು ಶಾಲೆಯ ಎದುರಿನ ಅಜ್ಜಿಯ ಬುಟ್ಟಿ: ಉಪ್ಪು-ಖಾರ ಹಚ್ಚಿದ ಮಾವಿನಕಾಯಿ, ನೆಲ್ಲಿಕಾಯಿ, ಹುಣಸೆಹಣ್ಣಿನ ಉಂಡೆ, ಕಿತ್ತಳೆ ತೊಳೆಯ ಆಕಾರದ ಪೆಪ್ಪರಮೆಂಟು.

ದಾರಿಯಲ್ಲಿ ಮಗುವಿನ ಮೇಲೆ ಯಜಮಾನಿಕೆ ಮಾಡುವವರು ಯಾರೂ ಇರಲಿಲ್ಲ ಎಂಬುದೇ ಇದರ ಗುಟ್ಟು. ಮನೆಯಲ್ಲಿ ದೊಡ್ಡವರು, ಶಾಲೆಯಲ್ಲಿ ಮೇಷ್ಟ್ರು. ನಡುವಿನ ಆ ಅರ್ಧ ಗಂಟೆ ಮಾತ್ರ ಪೂರ್ತಿ ಮಕ್ಕಳದ್ದು. ನಾಲ್ಕನೇ ಕ್ಲಾಸಿನ ಅಕ್ಕ ಒಂದನೇ ಕ್ಲಾಸಿನ ತಮ್ಮನ ಕೈ ಹಿಡಿದಿರುತ್ತಿದ್ದಳು. ಯಾರ ಹಿತ್ತಲಿನ ನಾಯಿ ಕಚ್ಚುತ್ತದೆ, ಯಾರ ಮನೆಯಲ್ಲಿ ಕುಡಿಯಲು ನೀರು ಕೊಡುತ್ತಾರೆ, ಯಾವ ತಿರುವಿನಲ್ಲಿ ಒಬ್ಬಂಟಿಯಾಗಿ ನಿಲ್ಲಬಾರದು ಎಂಬುದನ್ನೆಲ್ಲ ಮಗು ಕಲಿಯುತ್ತಿದ್ದದ್ದು ಅಲ್ಲಿ. ಊರು ಎಂದರೇನು ಎಂಬ ಮೊದಲ ತಿಳಿವಳಿಕೆ ಕಾಲಿನಿಂದ ಹತ್ತಿದ್ದು. ಈ ಬರಹಕ್ಕೆ ಹೇಳಬೇಕಾಗಿರುವುದೂ ಇಷ್ಟೇ: ಐದಾರು ವರ್ಷದ ಮಗು ನಡೆದು ಹೋಗಬಹುದಾದಷ್ಟು ಹತ್ತಿರದಲ್ಲಿ ಒಂದು ಶಾಲೆ ಇರಬೇಕು, ಮತ್ತು ಆ ದಾರಿ ಸುರಕ್ಷಿತವಾಗಿರಬೇಕು. ಹಳೆಯ ನೆನಪುಗಳನ್ನು ಪ್ರೀತಿಯಿಂದ ಮೆಲುಕು ಹಾಕುವ ಎಲ್ಲರೂ ಇದನ್ನು ಇವತ್ತಿನ ಮಕ್ಕಳ ಹಕ್ಕೆಂದು ಕೇಳಬೇಕಾಗಿದೆ.

ಶಾಲೆಯೊಳಗಿನ ನೆನಪುಗಳೂ ಕೈಗೆ, ಮೂಗಿಗೆ ಅಂಟಿಕೊಂಡವೇ. ಮರದ ಚೌಕಟ್ಟಿನ ಸ್ಲೇಟನ್ನೇ ತೆಗೆದುಕೊಳ್ಳಿ. ಹೊಸದಾಗಿದ್ದಾಗ ಬಳಪ ಕಚ್ಚುವುದಿಲ್ಲ, ಜಾರುತ್ತದೆ. ಅದಕ್ಕೆ ಇದ್ದಿಲು ಉಜ್ಜಿ ತೊಳೆದು ಹದ ಮಾಡಬೇಕು. ಅ, ಆ ತಿದ್ದಿ ತಿದ್ದಿ ಅಕ್ಷರ ಬೆರಳಷ್ಟು ದಪ್ಪವಾದ ಮೇಲೆ ಅಳಿಸುವ ಸಂಭ್ರಮ. ಎಂಜಲು ಹಚ್ಚಿ ಒರೆಸಿದರೆ ಸರಸ್ವತಿ ಮುನಿಯುತ್ತಾಳೆ ಎಂದು ಹೆದರಿಸುತ್ತಿದ್ದರಿಂದ ಮಕ್ಕಳು ಒದ್ದೆ ಬಟ್ಟೆಯ ಚೂರು ತರುತ್ತಿದ್ದರು. ಮಳೆಗಾಲದಲ್ಲಿ ಗೋಡೆಯ ಬುಡದಲ್ಲಿ ಹುಟ್ಟುವ, ನೀರು ತುಂಬಿದ ದಂಟಿನ ಪುಟ್ಟ ಗಿಡವನ್ನು ಕಿತ್ತು ಅದರಿಂದಲೇ ಉಜ್ಜುತ್ತಿದ್ದರು. ಬರೆಯುವುದಕ್ಕಿಂತ ಬಳಪ ತಿನ್ನುವುದೇ ಹೆಚ್ಚಾಗಿ ಮನೆಯಲ್ಲಿ ಬೈಸಿಕೊಂಡವರೂ ಇದ್ದರು. ಇಡೀ ಬಳಪ ಇರುವವನು ತುಂಡು ಮುರಿದು ಪಕ್ಕದವನಿಗೆ ಕೊಡುವುದು ಆ ವಯಸ್ಸಿನ ದೊಡ್ಡ ಸ್ನೇಹ.

ಕರಿಹಲಗೆಗೆ ಬಣ್ಣ ಬಳಿಯುವ ಕೆಲಸ ಮಕ್ಕಳದ್ದೇ ಆಗಿತ್ತು. ಶನಿವಾರ ಬೆಳಗಿನ ಶಾಲೆ. ಒಬ್ಬಳು ಹಿತ್ತಲಿನ ಬೇಲಿಯಿಂದ ತೊಂಡೆ ಸೊಪ್ಪು ತರುವಳು, ಇನ್ನೊಬ್ಬಳು ಹಾಗಲ ಸೊಪ್ಪು. ಒಬ್ಬ ಒಲೆಯ ಇದ್ದಿಲು ತಂದರೆ, ಮತ್ತೊಬ್ಬ ಹಳೆಯ ಟಾರ್ಚಿನ ಸೆಲ್ ಒಡೆದು ಅದರೊಳಗಿನ ಕರಿ ಪುಡಿ ಎತ್ತಿಕೊಂಡು ಬರುವನು. ಎಲ್ಲವನ್ನೂ ಅರೆದು, ಸೊಪ್ಪಿನ ಮುದ್ದೆಯಿಂದ ಹಲಗೆಯ ಮೇಲೆ ಒಂದೇ ದಿಕ್ಕಿಗೆ ತಿಕ್ಕಬೇಕು. ಒಣಗಿದಾಗ ಹಲಗೆಯಿಂದ ಏಳುವ ಹಸಿರು ಕಹಿ ವಾಸನೆ ಸೋಮವಾರದವರೆಗೂ ಕೋಣೆಯಲ್ಲಿ ನಿಲ್ಲುತ್ತಿತ್ತು. ಹೆಣ್ಣುಮಕ್ಕಳು ನೆಲಕ್ಕೆ ಸಗಣಿ ಸಾರಿಸುತ್ತಿದ್ದರು. ಸಾರಿಸುವುದು ಹೆಣ್ಣುಮಕ್ಕಳ ಪಾಲಿಗೇ ಏಕೆ ಎಂದು ಆಗ ಕೇಳಿದವರು ಕಡಿಮೆ; ಈಗಲಾದರೂ ಕೇಳಿಕೊಳ್ಳಬೇಕು.

ಎಳೆಯ ಮಕ್ಕಳ ಈ ಲೋಕವನ್ನು ಗಂಭೀರವಾಗಿ ತೆಗೆದುಕೊಂಡ ದೊಡ್ಡವರು ಕನ್ನಡದಲ್ಲಿ ಇದ್ದರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಾಲೆಗಳ ತನಿಖಾಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿ ಸುತ್ತಾಡಿದವರು. ಇನ್‌ಸ್ಪೆಕ್ಟರ್ ಎಂದರೆ ಮೇಷ್ಟ್ರುಗಳೇ ನಡುಗುತ್ತಿದ್ದ ಕಾಲದಲ್ಲಿ ಅವರು ತರಗತಿಯಲ್ಲಿ ಕಥೆ ಹೇಳಿದರು, ಹಾಡು ಹಾಡಿಸಿದರು. ಅವರ ‘ನಾಗರಹಾವೆ’ ಪದ್ಯ ತಲೆಮಾರುಗಳ ಬಾಯಲ್ಲಿ ನಿಂತದ್ದು ಪಠ್ಯಪುಸ್ತಕದ ಬಲದಿಂದಷ್ಟೇ ಅಲ್ಲ, ಮಕ್ಕಳ ನಾಲಿಗೆಯ ಲಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ಆಟ, ನಾಟಕ, ಕುಣಿತ ಎಲ್ಲವನ್ನೂ ಪ್ರಯೋಗಿಸಿದರು. 1930ರ ದಶಕದಲ್ಲೇ ‘ಬಾಲ ಪ್ರಪಂಚ’ ಎಂಬ ಮೂರು ಸಂಪುಟಗಳ ವಿಶ್ವಕೋಶವನ್ನು ಮಕ್ಕಳಿಗಾಗಿ ಬರೆದರು. ಜಿ.ಪಿ. ರಾಜರತ್ನಂ ‘ತುತ್ತೂರಿ’ ಬರೆದರು. ಕುವೆಂಪು ತಮ್ಮ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ಯಲ್ಲಿ ಕುಪ್ಪಳಿಯ ಮನೆಯಲ್ಲಿ ಐಗಳ ಬಳಿ ಅಕ್ಷರ ಕಲಿತ ದಿನಗಳನ್ನು ಬಿಡಿಸಿಡುತ್ತಾರೆ. ಘಟ್ಟದ ಕೆಳಗಿನಿಂದ ಬಂದ ಐಗಳನ್ನು ಮಲೆನಾಡಿನ ದೊಡ್ಡ ಮನೆಗಳು ಇಟ್ಟುಕೊಂಡು ಮಕ್ಕಳಿಗೆ ಪಾಠ ಹೇಳಿಸುತ್ತಿದ್ದವು. ಕುಪ್ಪಳಿಯಂಥ ಒಂಟಿ ಮನೆಗಳಿಗೆ ಆಗ ಶಾಲೆಯೆಂದರೆ ಅದೇ. ದೊಡ್ಡ ಮನೆ ಇಲ್ಲದವರ ಮಕ್ಕಳಿಗೆ ಅದೂ ಇರಲಿಲ್ಲ.

ಶಾಲೆಯ ನೆನಪು ಎಲ್ಲರಿಗೂ ಸಿಹಿಯಾಗಿರಲಿಲ್ಲ ಎಂಬುದನ್ನು ಇಲ್ಲಿ ಬಿಟ್ಟುಬಿಟ್ಟರೆ ಬರಹ ಸುಳ್ಳಾಗುತ್ತದೆ. ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಕೂರಲು ಮನೆಯಿಂದ ಗೋಣಿತಟ್ಟು ಒಯ್ಯಬೇಕಿತ್ತು, ಸಂಜೆ ಅದನ್ನು ಮತ್ತೆ ಮನೆಗೇ ತರಬೇಕಿತ್ತು. ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ಜವಾನ ಬಂದು ಮೇಲಿಂದ ನೀರು ಹೊಯ್ಯಬೇಕು, ಜವಾನ ಇಲ್ಲದ ದಿನ ನೀರಿಲ್ಲ. ಇದನ್ನು ಅವರೇ ಬರೆದಿಟ್ಟಿದ್ದಾರೆ. ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಓದಿದವರಿಗೆ ಜಾತಿ ಶಾಲೆಯ ಬಾಗಿಲವರೆಗೂ, ಬಾಗಿಲ ಒಳಗೂ ಮಗುವನ್ನು ಹಿಂಬಾಲಿಸಿದ್ದು ಗೊತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 19ನೇ ಶತಮಾನದ ಕೊನೆಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಅವರ ಸ್ವಂತ ಸಮುದಾಯವೇ ಅವರನ್ನು ಹೊರಗಿಟ್ಟಿತು.

ಬೆತ್ತದ ಬಗ್ಗೆಯೂ ಒಂದು ಮಾತು ಹೇಳಬೇಕು. ಹಳೆ ವಿದ್ಯಾರ್ಥಿಗಳ ಸಮಾವೇಶಗಳಲ್ಲಿ ‘ಮೇಷ್ಟ್ರು ಹೊಡೆದದ್ದಕ್ಕೇ ನಾವು ಉದ್ಧಾರವಾದೆವು’ ಎಂದು ಚಪ್ಪಾಳೆ ಗಿಟ್ಟಿಸುವವರು ಇರುತ್ತಾರೆ. ಆ ವೇದಿಕೆಯಲ್ಲಿ ಮಾತಾಡುತ್ತಿರುವುದು ಹೊಡೆತ ತಿಂದೂ ಶಾಲೆಯಲ್ಲಿ ಉಳಿದವರು. ನಾಗರಬೆತ್ತಕ್ಕೆ, ಕೋದಂಡಕ್ಕೆ ಹೆದರಿ ಮೂರನೇ ಕ್ಲಾಸಿಗೇ ದನ ಕಾಯಲು ಹೋದವರಿಗೆ ಸಮಾವೇಶದ ಕರೆಯೋಲೆ ಹೋಗಿರುವುದಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಮಾಡಬೇಕಾದದ್ದನ್ನೇ ಕಾಯ್ದೆ ಮಾಡಿದೆ. ಬೆತ್ತವನ್ನು ಹೊಗಳಿ ಅದನ್ನು ಮತ್ತೆ ಒಳಗೆ ಕರೆಯುವುದು ಬೇಡ.

ಬದಲಾದದ್ದರಲ್ಲಿ ಅತಿ ದೊಡ್ಡದು ಊಟ. 1960-70ರ ದಶಕಗಳಲ್ಲಿ ಓದಿದವರು ಅಮೆರಿಕದ ಕೇರ್ ಸಂಸ್ಥೆ ಕಳಿಸುತ್ತಿದ್ದ ಗೋಧಿ ರವೆಯ ಉಪ್ಪಿಟ್ಟನ್ನೂ ಹಾಲಿನ ಪುಡಿಯನ್ನೂ ಇನ್ನೂ ಮರೆತಿಲ್ಲ. ಮುತ್ತುಗದ ಎಲೆಯಲ್ಲೋ ಪಾಟಿಯ ಮೇಲೋ ಹಾಕಿಸಿಕೊಂಡು, ಅರ್ಧ ತಿಂದು ಅರ್ಧ ಮನೆಯಲ್ಲಿದ್ದ ತಂಗಿಗೆ ಒಯ್ದವರು ಎಷ್ಟೋ. ಆಮೇಲೆ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬಿಸಿ ಊಟ ಬಡಿಸಲೇಬೇಕು ಎಂದಿತು. ಕರ್ನಾಟಕದಲ್ಲಿ 2002ರಲ್ಲಿ ಉತ್ತರದ ಹಿಂದುಳಿದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಇಡೀ ರಾಜ್ಯಕ್ಕೆ ಹಬ್ಬಿತು. 2013ರ ಆಗಸ್ಟ್ 1ರಂದು ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಬಂತು. ಮೊಟ್ಟೆ ಕೊಡಬೇಕೇ ಬೇಡವೇ ಎಂಬ ಜಗಳ ವರ್ಷಗಟ್ಟಲೆ ನಡೆದು, 2024ರಿಂದ ವಾರದ ಆರು ದಿನವೂ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಎಂದಾಯಿತು. ಬೇರೆ ಬೇರೆ ಕೇರಿಗಳ ಮಕ್ಕಳು ಒಂದೇ ಸಾಲಿನಲ್ಲಿ ಕೂತು ತಟ್ಟೆ ಚಾಚುವ ಆ ಹೊತ್ತು ಈಗಿನ ಮಕ್ಕಳ ಮೊದಲ ನೆನಪುಗಳಲ್ಲಿ ಸೇರಲಿದೆ. ಅಡುಗೆಯವರ ಜಾತಿ ಕೇಳಿ ಮಕ್ಕಳನ್ನು ಊಟಕ್ಕೆ ಕಳಿಸದ ಪೋಷಕರ ಸುದ್ದಿ ಅಲ್ಲಲ್ಲಿ ಇಂದಿಗೂ ಬರುತ್ತದೆ. ಅಂಥ ಕಡೆ ಅಧಿಕಾರಿಗಳು ಅಡುಗೆಯವರನ್ನು ಬದಲಿಸಿ ಸುಮ್ಮನಾಗುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಶಾಲೆಯ ನೆನಪೇ ಇಲ್ಲದವರೊಬ್ಬರು ಊರಿಗೆ ಶಾಲೆ ಕಟ್ಟಿಕೊಟ್ಟ ಕಥೆ ಮಂಗಳೂರಿನ ಪಕ್ಕದ ಹರೇಕಳದ್ದು. ಹಾಜಬ್ಬ ಪೇಟೆಯಲ್ಲಿ ಕಿತ್ತಳೆ ಮಾರಿ ಬದುಕುತ್ತಿದ್ದವರು. ಒಮ್ಮೆ ವಿದೇಶಿಯರು ಹಣ್ಣಿನ ಬೆಲೆ ಕೇಳಿದಾಗ ಅವರ ಭಾಷೆ ತಿಳಿಯದೆ ಉತ್ತರಿಸಲಾಗಲಿಲ್ಲ. ಆ ಸಂಕಟ ತಮ್ಮೂರಿನ ಮಕ್ಕಳಿಗೆ ಬರಬಾರದು ಎಂದು ದುಡಿಮೆಯಲ್ಲಿ ಉಳಿಸಿದ್ದನ್ನೂ ಊರೂರು ತಿರುಗಿ ಬೇಡಿ ತಂದದ್ದನ್ನೂ ಒಟ್ಟುಹಾಕಿದರು. 2000ದ ಹೊತ್ತಿಗೆ ನ್ಯೂಪಡ್ಪುವಿನ ಮದರಸಾದಲ್ಲಿ 28 ಮಕ್ಕಳೊಂದಿಗೆ ಶಾಲೆ ಆರಂಭವಾಯಿತು. ಮುಂದೆ ಜಾಗ, ಕಟ್ಟಡ, ಪ್ರೌಢಶಾಲೆ ಎಲ್ಲ ಬಂದವು. 2020ರ ಪಟ್ಟಿಯಲ್ಲಿ ಪದ್ಮಶ್ರೀ ಘೋಷಣೆಯಾಗಿ, 2021ರ ನವೆಂಬರ್‌ನಲ್ಲಿ ಅವರು ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಅದನ್ನು ಪಡೆದರು. ಪ್ರಶಸ್ತಿಯ ಸುದ್ದಿಯಲ್ಲಿ ಒಂದು ಅಂಶ ಅಷ್ಟಾಗಿ ಎದ್ದು ಕಾಣಲಿಲ್ಲ. ಅವರು ಕೇಳಿದ್ದು ದೂರದಲ್ಲೊಂದು ದೊಡ್ಡ ಶಾಲೆಯನ್ನಲ್ಲ. ತಮ್ಮ ಊರಿನೊಳಗೇ, ಅಲ್ಲಿನ ಬಡವರ ಮಕ್ಕಳು ನಡೆದು ಬರುವಷ್ಟು ಹತ್ತಿರದಲ್ಲಿ ಒಂದು ಸರ್ಕಾರಿ ಶಾಲೆಯನ್ನು.

ಸಣ್ಣ ಶಾಲೆಯಲ್ಲಿ ಕಲಿಕೆ ಆಗುವುದಿಲ್ಲ, ಒಬ್ಬರೇ ಮೇಷ್ಟ್ರು ಎಷ್ಟು ತರಗತಿ ನೋಡಿಕೊಂಡಾರು ಎಂಬ ಪ್ರಶ್ನೆ ಸುಳ್ಳಲ್ಲ. ಅದಕ್ಕೆ ಕರ್ನಾಟಕದ ಶಿಕ್ಷಕರೇ ಹುಡುಕಿಕೊಂಡ ಒಂದು ದಾರಿ ಕಣ್ಣೆದುರಿಗಿದೆ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳ ಪ್ರಯೋಗ ನೋಡಿ ಬಂದ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ‘ನಲಿ-ಕಲಿ’ ಶುರುಮಾಡಿದರು. ಕಾರ್ಡುಗಳನ್ನು ತಾವೇ ಬರೆದರು, ಹಾಡು ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ನಲಿ-ಕಲಿ ಕೋಣೆಯೊಳಗೆ ಕಾಲಿಟ್ಟರೆ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಗುಂಪುಗುಂಪಾಗಿ ನೆಲದ ಮೇಲೆ ಕೂತಿರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆಟುಕುವ ಎತ್ತರಕ್ಕೆ ಸುತ್ತಲೂ ಕರಿಹಲಗೆ, ಒಬ್ಬೊಬ್ಬರಿಗೆ ಒಂದೊಂದು ಪಾಲು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳೇ ಬಿಡಿಸಿದ ಚಿತ್ರ, ಕಾಗದದ ಹಕ್ಕಿ. ಬೆಳಿಗ್ಗೆ ಬಂದ ಮಗು ಹವಾಮಾನ ಪಟ್ಟಿಯ ಮುಂದೆ ನಿಂತು ಇವತ್ತು ಬಿಸಿಲೋ ಮೋಡವೋ ಎಂದು ಹೊರಗೆ ಇಣುಕಿ ಗುರುತು ಹಾಕುತ್ತದೆ. ಮೂರನೇ ಕ್ಲಾಸಿನವಳು ಒಂದನೇ ಕ್ಲಾಸಿನವನ ಕಾರ್ಡು ತಿರುಗಿಸಿ ಸರಿಮಾಡಿ ಕೊಡುತ್ತಾಳೆ. ಈ ಪದ್ಧತಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಕಾರ್ಡು ಹರಿದರೆ ಹೊಸದು ಬರಲು ತಿಂಗಳು ಹಿಡಿಯುತ್ತದೆ, ದಾಖಲೆ ಬರೆಯುವುದರಲ್ಲೇ ಶಿಕ್ಷಕರ ಸಮಯ ಹೋಗುತ್ತದೆ. ಆದರೆ ಮಕ್ಕಳ ಸಂಖ್ಯೆ ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ಶಾಲೆ ವ್ಯರ್ಥ ಎನ್ನುವವರು ಇಂಥ ಕೋಣೆಯಲ್ಲಿ ಅರ್ಧ ದಿನ ಕೂತು ನೋಡಬೇಕು.

ಶಾಲೆಗೆ ಹೋಗುವುದು ನಿಂತರೆ ಏನಾಗುತ್ತದೆ ಎಂಬುದನ್ನು ರಾಜ್ಯ ಕಣ್ಣಾರೆ ಕಂಡಿದೆ. ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. 2020ರ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಕಾಲಿಡಬೇಕಿದ್ದ ಮಗು ತನ್ನ ಬೆಂಚು ಕಂಡಾಗ ಎರಡನೇ ಕ್ಲಾಸಿನಲ್ಲಿತ್ತು. ನಡುವೆ 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂದಾಗ ಶಿಕ್ಷಕರು ದೇವಸ್ಥಾನದ ಜಗಲಿ, ಅರಳಿಕಟ್ಟೆ, ಯಾರದೋ ಮನೆಯ ಅಂಗಳಗಳಲ್ಲಿ ಮಕ್ಕಳನ್ನು ಕೂಡಿಸಿದರು. ಸೋಂಕಿನ ಭಯದಿಂದ ಎರಡೇ ತಿಂಗಳಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಸ್ಮಾರ್ಟ್‌ಫೋನ್ ಇದ್ದ ಮನೆಯ ಮಗುವಿಗೆ ಟೀಚರ್ ಎಂದರೆ ಅಂಗೈಯಗಲದ ಪರದೆಯಲ್ಲಿ ಸಿಕ್ಕಿಕೊಂಡು ನಿಲ್ಲುವ ಒಂದು ಮುಖ. ಫೋನ್ ಇಲ್ಲದ ಮನೆಯ ಮಗುವಿಗೆ ಅದೂ ಇರಲಿಲ್ಲ. ಶಾಲೆ ತೆರೆದಾಗ ಗೇಟಿಗೆ ಮಾವಿನ ತೋರಣ ಕಟ್ಟಿ, ಹೂ ಕೊಟ್ಟು ಬರಮಾಡಿಕೊಂಡದ್ದನ್ನು ಆ ಮಕ್ಕಳು ಮರೆಯಲಾರರು. ಆದರೆ ಆ ವರ್ಷಗಳಲ್ಲಿ ಅಕ್ಷರದ ಜೊತೆಗೆ ಇನ್ನೊಂದು ಕಲಿಕೆಯೂ ತಪ್ಪಿಹೋಯಿತು: ಜಗಳವಾಡಿ ರಾಜಿಯಾಗುವುದು, ಸರದಿಗೆ ಕಾಯುವುದು, ಗುರುತಿಲ್ಲದ ಮಗುವಿನ ಪಕ್ಕ ಕೂರುವುದು.

ಈಗ ದೂರದ ಮಾತಿಗೆ ಬರಬೇಕು. ಕರ್ನಾಟಕದ ಶಿಕ್ಷಣ ಹಕ್ಕು ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆ ಮಗುವಿನ ಮನೆಯಿಂದ 1 ಕಿಲೋಮೀಟರ್ ಒಳಗೆ, ಆರರಿಂದ ಎಂಟನೇ ತರಗತಿಯದು 3 ಕಿಲೋಮೀಟರ್ ಒಳಗೆ ಇರಬೇಕು. ಹೀಗಿದ್ದೂ ಸಣ್ಣ ಶಾಲೆಗಳನ್ನು ಸೇರಿಸಿಬಿಡುವ ಆಲೋಚನೆ, ಯಾವ ಪಕ್ಷ ಅಧಿಕಾರದಲ್ಲಿರಲಿ, ಮತ್ತೆ ಮತ್ತೆ ತಲೆಯೆತ್ತುತ್ತದೆ. 2018ರ ಜುಲೈನ ಬಜೆಟ್ಟಿನಲ್ಲಿ 28 ಸಾವಿರಕ್ಕೂ ಹೆಚ್ಚು ಶಾಲೆಗಳನ್ನು ಹತ್ತಿರದ ಶಾಲೆಗಳೊಂದಿಗೆ ವಿಲೀನ ಮಾಡುವ ಪ್ರಸ್ತಾವವಿತ್ತು; ಸಾಹಿತಿಗಳು, ಶಿಕ್ಷಣ ತಜ್ಞರು ಅದನ್ನು ಬಲವಾಗಿ ವಿರೋಧಿಸಿದರು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ನಡೆಸುವ ಕರ್ನಾಟಕ ಪಬ್ಲಿಕ್ ಶಾಲೆಗಳ ಹಿಂದೆಯೂ ಅದೇ ಆತಂಕ ಬರುತ್ತಿದೆ.

ಆ ಯೋಜನೆಯ ಪರವಾಗಿ ಹೇಳಬಹುದಾದದ್ದು ಬಹಳವಿದೆ. ತರಗತಿಗೊಬ್ಬ ಶಿಕ್ಷಕರು, ಆಟದ ಮೈದಾನ, ಗ್ರಂಥಾಲಯ, ಕೆಲಸ ಮಾಡುವ ಶೌಚಾಲಯ. ಎಂಟೇ ಮಕ್ಕಳಿರುವ ಶಾಲೆಯಲ್ಲಿ ಕಬಡ್ಡಿ ತಂಡ ಕಟ್ಟಲೂ ಆಗದು. ಹತ್ತು ಹನ್ನೊಂದು ದಾಟಿದ ಮಕ್ಕಳು ಬಸ್ಸಿನಲ್ಲೋ ಸೈಕಲ್ಲಿನಲ್ಲೋ ದೊಡ್ಡ ಶಾಲೆಗೆ ಹೋಗುವುದು ಒಳ್ಳೆಯದೇ. 2006-07ರಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡಲು ತೊಡಗಿದಾಗ ಎಷ್ಟೋ ಹೆಣ್ಣುಮಕ್ಕಳಿಗೆ ಹೈಸ್ಕೂಲಿನ ದಾರಿ ತೆರೆಯಿತು. ಐದು ವರ್ಷದ ಮಗುವಿನ ಲೆಕ್ಕವೇ ಬೇರೆ. ಅದರ ಶಾಲೆ ಐದು ಕಿಲೋಮೀಟರ್ ಆಚೆ ಹೋದರೆ ಕೂಲಿಗೆ ಹೋಗುವ ಅವ್ವ ಬಸ್ಸಿನ ಹೊತ್ತಿಗೆ ಕಾಯಬೇಕು, ಜ್ವರ ಬಂದರೆ ಕರೆತರಲು ಒಂದು ದಿನದ ಕೂಲಿ ಬಿಡಬೇಕು. ವಾಹನ ಕೆಟ್ಟ ದಿನ ಶಾಲೆ ಇಲ್ಲ. ಕಡೆಗೆ ಮೊದಲು ಮನೆಯಲ್ಲಿ ಉಳಿಯುವವರು ಯಾರೆಂದು ಹೇಳಬೇಕಾಗಿಲ್ಲ: ಚಿಕ್ಕ ಹೆಣ್ಣುಮಕ್ಕಳು, ಅಂಗವಿಕಲ ಮಕ್ಕಳು, ವಲಸೆ ಬಂದವರ ಮಕ್ಕಳು. ಆದ್ದರಿಂದ ದೊಡ್ಡ ಶಾಲೆ ಮೇಲಿನ ತರಗತಿಗಳಿಗೆ ಇರಲಿ, ಒಂದರಿಂದ ಮೂರಾದರೂ ಊರಲ್ಲೇ ಇರಲಿ ಎಂದು ಕೇಳುವುದರಲ್ಲಿ ಅತಿಯಾಸೆ ಏನೂ ಇಲ್ಲ.

ಪಟ್ಟಣದ ಮಕ್ಕಳ ಸ್ಥಿತಿ ಇನ್ನೊಂದು ತೆರನದು. ಬೆಂಗಳೂರಿನಲ್ಲಿ ಮನೆಯ ಹಿಂದಿನ ಬೀದಿಯಲ್ಲಿ ಸರ್ಕಾರಿ ಶಾಲೆ ಇದ್ದರೂ ಬೆಳಿಗ್ಗೆ ಏಳಕ್ಕೆ ನಿದ್ದೆಗಣ್ಣಲ್ಲಿ ವ್ಯಾನು ಹತ್ತಿ ಊರಿನ ಇನ್ನೊಂದು ತುದಿಗೆ ಹೋಗುವ ಯುಕೆಜಿ ಮಕ್ಕಳಿದ್ದಾರೆ. ಚೀಲದ ಭಾರ ಒಂದು-ಎರಡನೇ ತರಗತಿಗೆ 2 ಕಿಲೋ ಮೀರಬಾರದು, ತಿಂಗಳ ಮೂರನೇ ಶನಿವಾರ ಚೀಲವೇ ಬೇಡ ಎಂದು ಸರ್ಕಾರ 2019ರಲ್ಲಿ ಸುತ್ತೋಲೆ ಹೊರಡಿಸಿತು. ಚೀಲವನ್ನು ತೂಗಿದ್ದಾಯಿತು. ಮಗು ದಿನಕ್ಕೆ ಎಷ್ಟು ಹೊತ್ತು ವಾಹನದಲ್ಲಿ ಕೂರುತ್ತದೆ ಎಂಬುದನ್ನೂ ಯಾರಾದರೂ ತೂಗಬೇಕು.

ಊರಿನಲ್ಲಿ ಕಟ್ಟಡ ಇದ್ದರಷ್ಟೇ ಶಾಲೆ ಹತ್ತಿರ ಇದ್ದಂತಲ್ಲ, ಅಲ್ಲಿನ ಮಾತೂ ಮಗುವಿನದ್ದಾಗಿರಬೇಕು ಎಂಬುದನ್ನು ಕಾಸರಗೋಡಿನವರು ಬಲ್ಲರು. 1956ರ ನವೆಂಬರ್ 1ರಂದು ಆ ನೆಲ ಕೇರಳಕ್ಕೆ ಸೇರಿತು. ಕನ್ನಡ ಶಾಲೆಗಳು ಉಳಿದವು. ಆದರೆ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರ ನೇಮಕವಾದಾಗಲೆಲ್ಲ ಮಕ್ಕಳೂ ಪೋಷಕರೂ ಬೀದಿಗಿಳಿಯಬೇಕಾಗಿದೆ. 2018ರಲ್ಲಿ ತೆರೆಗೆ ಬಂದ ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಇದನ್ನೇ ಕಥೆಯಾಗಿಸಿ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಚಿತ್ರಮಂದಿರಗಳಲ್ಲಿ ಅದನ್ನು ನೋಡಿ ಕಣ್ಣೊರೆಸಿಕೊಂಡವರಲ್ಲಿ ತಮ್ಮೂರಿನ ಕನ್ನಡ ಶಾಲೆಗೆ ಮೊಮ್ಮಗುವನ್ನು ಸೇರಿಸಿದವರು ಎಷ್ಟು ಮಂದಿ ಎಂಬ ಪ್ರಶ್ನೆ ಮಾತ್ರ ಉಳಿದಿದೆ.

ದಾರಿಯ ಸುಖವನ್ನು ಇಷ್ಟು ಹೊತ್ತು ಬಣ್ಣಿಸಿದ ಮೇಲೆ ಅದರ ಅಪಾಯವನ್ನೂ ನೇರವಾಗಿ ನೋಡಬೇಕು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಎರಡನೇ ತರಗತಿಯ ಪುಟ್ಟ ಹುಡುಗಿಯೊಬ್ಬಳು ಶಾಲೆಯಿಂದ ಮರಳುವಾಗ ಕಾಲುಸಂಕದಿಂದ ಜಾರಿ ತುಂಬಿ ಹರಿಯುತ್ತಿದ್ದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಆಮೇಲೆ ಕಾಲುಸಂಕಗಳ ಪಟ್ಟಿ ಕೇಳಿಸಿತು, ಕಿರುಸೇತುವೆಗಳ ಭರವಸೆ ಕೇಳಿಸಿತು. ಮಲೆನಾಡು, ಕರಾವಳಿಯ ಎಷ್ಟೋ ಹಳ್ಳಿಗಳಲ್ಲಿ ಪ್ರತಿ ಮಳೆಗಾಲ ಊರವರೇ ಅಡಿಕೆ ಮರ ಕಡಿದು ಹಾಸುವುದು ನಿಂತಿಲ್ಲ. ಅಜ್ಜಂದಿರು ಸಂಕ ದಾಟಿದ ಸಾಹಸವನ್ನು ನಗುತ್ತಾ ಹೇಳಬಹುದು, ಏಕೆಂದರೆ ಅವರು ದಾಟಿ ಉಳಿದವರು. ಮೊಮ್ಮಕ್ಕಳಿಗೆ ಹಿಡಿದುಕೊಳ್ಳಲು ಕಂಬಿ ಇರುವ ಕಾಂಕ್ರೀಟಿನ ಕಿರುಸೇತುವೆಯೇ ಬೇಕು. ಅದರಿಂದ ಅವರ ಬಾಲ್ಯದ ಸೊಗಸೇನೂ ಕಡಿಮೆಯಾಗದು. ಮೇಲೆ ನಿಂತು ನೀರಿಗೆ ಎಲೆ ಬಿಡಲು ಆಗಲೂ ಆಗುತ್ತದೆ.

ಇದಕ್ಕೆ ಹೊಸ ಇಲಾಖೆ ಬೇಕಾಗಿಲ್ಲ. ಪ್ರತಿ ಸರ್ಕಾರಿ ಶಾಲೆಗೂ ಪೋಷಕರೇ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ, ಪ್ರತಿ ಊರಿಗೂ ಗ್ರಾಮ ಪಂಚಾಯಿತಿ ಇದೆ. ಸುವರ್ಣ ಮಹೋತ್ಸವ, ಶತಮಾನೋತ್ಸವಕ್ಕೆ ಊರಿಗೆ ಬಂದು ವೇದಿಕೆ, ಕಮಾನು, ಸ್ಮರಣ ಸಂಚಿಕೆಗೆ ಹಣ ಕೊಡುವ ಹಳೆ ವಿದ್ಯಾರ್ಥಿಗಳಿದ್ದಾರೆ. ಅವರು ಮಕ್ಕಳ ಜೊತೆ ಒಂದು ಬೆಳಿಗ್ಗೆ ಆ ದಾರಿಯಲ್ಲಿ ನಡೆದು ನೋಡಬೇಕು. ಎಲ್ಲಿ ಸಂಕ, ಎಲ್ಲಿ ತೆರೆದ ಬಾವಿ, ಎಲ್ಲಿ ಲಾರಿ ಓಡುವ ರಸ್ತೆ ದಾಟಬೇಕು, ಎಲ್ಲಿ ಬೀದಿನಾಯಿ ಗುಂಪು, ಯಾವ ಕೇರಿಯ ಮಕ್ಕಳು ಸುತ್ತು ಬಳಸಿ ಬರಬೇಕಾಗಿದೆ ಎಂಬುದನ್ನು ಬರೆದುಕೊಳ್ಳಬೇಕು. ಮೇ ತಿಂಗಳಲ್ಲಿ ದಾಖಲಾತಿ ಆಂದೋಲನಕ್ಕೆಂದು ಶಿಕ್ಷಕರು ಹೇಗೂ ಮನೆಮನೆಗೆ ಹೋಗುತ್ತಾರೆ. ಅವರ ಕೈಯಲ್ಲಿ ಈ ಪಟ್ಟಿಗೂ ಒಂದು ಹಾಳೆ ಕೊಟ್ಟು ಕಳಿಸಿದರೆ, ಶಾಲೆ ಶುರುವಾಗುವ ಮುನ್ನವೇ ಯಾವ ಹಳ್ಳಕ್ಕೆ ಸೇತುವೆ ಬೇಕು, ಯಾವ ಊರಿನ ಶಾಲೆಯನ್ನು ಮುಚ್ಚಬಾರದು ಎಂಬ ಲೆಕ್ಕ ಗ್ರಾಮಸಭೆಯ ಮುಂದೆ ಬರುತ್ತದೆ.